ಹೃದ್ರೋಗಿ ಮನೆಗೆ ಬಂದ ಮೇಲೆ: ಆರೈಕೆ ಮತ್ತು ಮಾತ್ರೆಗಳ ಸುರಕ್ಷತೆಗೊಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ವಾರ್ಡುಗಳಲ್ಲಿ ಶುಶ್ರೂಷಕಿಯಾಗಿ ಕಳೆದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ ದೃಶ್ಯವೆಂದರೆ ಮಂಚದ ಮೇಲೆ ಸುರಿದ ಒಂದು ಪ್ಲಾಸ್ಟಿಕ್ ಚೀಲ. ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯಿಂದ ರಾತ್ರೋರಾತ್ರಿ ಬಂದ ರೋಗಿಯ ಮಗ, "ಅಪ್ಪಾಜಿ ಯಾವ್ಯಾವ ಗುಳಿಗಿ ತಗಂತಾರ ಅಂತ ನಂಗೊತ್ತಿಲ್ರೀ ಸಿಸ್ಟರ್, ಎಲ್ಲಾ ಇದ್ರಾಗೈತಿ ನೋಡ್ರಿ" ಎಂದು ಚೀಲವನ್ನು ಬೋರಲು ಹಾಕುತ್ತಾನೆ. ಅರ್ಧ ಕತ್ತರಿಸಿದ ಮಾತ್ರೆಯ ಪಟ್ಟಿಗಳು, ಹೆಸರಿದ್ದ ತುದಿಯೇ ಹರಿದುಹೋದ ಹಾಳೆಗಳು, ಎರಡು ವರ್ಷದ ಹಿಂದಿನ ಚೀಟಿ, ಮಂಡಿನೋವಿಗೆಂದು ಯಾರೋ ಕೊಟ್ಟ ಬಿಡಿ ಗುಳಿಗೆಗಳು, ನಡುವೆ ಒಂದು ಕಷಾಯದ ಪುಡಿಯ ಪೊಟ್ಟಣ. ರೋಗಿ ಏದುಸಿರು ಬಿಡುತ್ತಿರುವಾಗ ನಾವು ಆ ರಾಶಿಯಲ್ಲಿ ಕಾರಣ ಹುಡುಕುತ್ತಿರುತ್ತೇವೆ, ಮತ್ತು ಎಷ್ಟೋ ಸಲ ಕಾರಣ ಅಲ್ಲೇ ಸಿಕ್ಕಿದೆ.

ಆಸ್ಪತ್ರೆಯಲ್ಲಿ ಒಂದು ಮಾತ್ರೆ ರೋಗಿಯ ಬಾಯಿ ಸೇರುವ ಮೊದಲು ಅದನ್ನು ಬರೆದ ವೈದ್ಯರು, ಕೊಟ್ಟ ಔಷಧಾಲಯದವರು, ಹಿಡಿದು ತಂದ ಶುಶ್ರೂಷಕಿ ಮೂವರೂ ನೋಡಿರುತ್ತಾರೆ. ಬಿಡುಗಡೆಯಾದ ದಿನ ಈ ಮೂರು ಕಾವಲುಗಳೂ ಒಟ್ಟಿಗೇ ಹಿಂದೆ ಸರಿದು, ಇಡೀ ಹೊಣೆ ಮನೆಯ ಒಬ್ಬರ ಮೇಲೆ ಬೀಳುತ್ತದೆ. ಹೃದ್ರೋಗಿಯ ಮಟ್ಟಿಗೆ ಆ ಮೊದಲ ಎರಡು ವಾರಗಳಷ್ಟು ಸೂಕ್ಷ್ಮವಾದ ಕಾಲ ಬೇರೆ ಇಲ್ಲ. ಆ ಕಾವಲುಗಳನ್ನು ಮನೆಯಲ್ಲಿ ಮತ್ತೆ ಕಟ್ಟಿಕೊಳ್ಳುವುದು ಹೇಗೆಂಬುದನ್ನು ಮನೆಯವರಿಗೂ, ಹೊಸದಾಗಿ ಕೆಲಸಕ್ಕೆ ಸೇರಿದ ಶುಶ್ರೂಷಕಿಯರಿಗೂ ಅನುಕೂಲವಾಗುವಂತೆ ಇಲ್ಲಿ ಬರೆದಿದ್ದೇನೆ. ನಿಮ್ಮ ರೋಗಿಗೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದರಲ್ಲಿ ಅವರ ವೈದ್ಯರ ಮಾತೇ ಕೊನೆಯದು.

ಮೊದಲ ಹೆಜ್ಜೆ: ಆಸ್ಪತ್ರೆಯ ಮಂಚ ಬಿಡುವ ಮುನ್ನ

ಬಿಡುಗಡೆಯ ದಿನ ಎಲ್ಲರ ಗಮನ ಬಿಲ್ಲಿನ ಮೇಲೆ, ಆಯುಷ್ಮಾನ್ ಕಾರ್ಡಿನ ಕಾಗದಪತ್ರಗಳ ಮೇಲೆ, ಊರಿನ ಬಸ್ಸಿನ ಹೊತ್ತಿನ ಮೇಲೆ ಇರುತ್ತದೆ. ಮಾತ್ರೆಗಳ ವಿವರಣೆ ಬಾಗಿಲಲ್ಲಿ ನಿಂತು ಕೇಳುವ ಎರಡು ನಿಮಿಷದ ಮಾತಾಗಿಬಿಡುತ್ತದೆ. ಹಾಗಾಗಲು ಬಿಡಬೇಡಿ; ಅರ್ಧ ಗಂಟೆ ಬೇಕೆಂದು ಕೇಳಿ ಪಡೆಯಿರಿ. ಮನೆಯಲ್ಲಿ ಮಾತ್ರೆ ಕೊಡುವವರು ಹೆಂಡತಿಯೋ, ಸೊಸೆಯೋ, ಮಗಳೋ, ಅವರೇ ಆಗ ಅಲ್ಲಿರಬೇಕು. ಬಿಲ್ಲು ಕಟ್ಟಲು ಬಂದ ಮಗ ಕೇಳಿಸಿಕೊಂಡು ಹೋಗಿ ಮನೆಯಲ್ಲಿ ಹೇಳುವಷ್ಟರಲ್ಲಿ ಅರ್ಧ ಮಾತು ದಾರಿಯಲ್ಲೇ ಉದುರಿಹೋಗಿರುತ್ತದೆ.

ಪ್ರತಿಯೊಂದು ಮಾತ್ರೆಯನ್ನೂ ಕೈಯಲ್ಲಿ ಹಿಡಿದು ಇದು ಯಾತಕ್ಕೆ, ಎಷ್ಟು, ಯಾವ ಹೊತ್ತಿಗೆ, ಎಷ್ಟು ದಿನ ಎಂದು ಕೇಳಿ. ಅದಾದ ಮೇಲೆ ಬಹುತೇಕರು ಮರೆಯುವ ಪ್ರಶ್ನೆಯೊಂದಿದೆ: ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು? ಊರಿನ ವೈದ್ಯರು ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಕೊಟ್ಟಿರುತ್ತಾರೆ. ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿ ರಾಮಿಪ್ರಿಲ್ ಆರಂಭಿಸಿರುತ್ತಾರೆ. ಮನೆಗೆ ಹೋದ ಮೇಲೆ ಹಳೆಯ ಡಬ್ಬಿಯಲ್ಲಿ ಉಳಿದದ್ದು ದಂಡವಾಗಬಾರದೆಂದು ಎರಡನ್ನೂ ನುಂಗಿಸಿದರೆ ರಕ್ತದೊತ್ತಡ ಕುಸಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮನೆಯವರು ಮಾಡಿದ್ದು ಮಿತವ್ಯಯ, ಆದದ್ದು ಅಪಾಯ.

ಹೆಸರುಗಳ ಗೊಂದಲ ಇದಕ್ಕಿಂತ ದೊಡ್ಡದು. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಜನೌಷಧಿ ಕೇಂದ್ರದಲ್ಲಿ ಸಿಗುವುದು ಮೂಲ ಔಷಧದ ಹೆಸರಿನಲ್ಲೇ ಇರುತ್ತದೆ. ಅದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಮನೆಯಲ್ಲಿರುವ ಯಾವ ಮಾತ್ರೆಯ ಬದಲಿಗೆ ಬಂತೆಂಬುದು ತಿಳಿದಿರಬೇಕು. ಹೆಸರಿನ ಬಾಲಗಳನ್ನೂ ಗಮನಿಸಿ. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್ ಮಾತ್ರ. ಇಕೋಸ್ಪ್ರಿನ್ ಎ.ವಿ. ಎಂದರೆ ಅದರೊಳಗೆ ಕೊಲೆಸ್ಟರಾಲಿನ ಅಟೋರ್ವಾಸ್ಟಾಟಿನ್ ಕೂಡ ಸೇರಿದೆ. ಇಕೋಸ್ಪ್ರಿನ್ ಗೋಲ್ಡ್‌ನಲ್ಲಿ ಇವೆರಡರ ಜೊತೆ ಕ್ಲೋಪಿಡೊಗ್ರೆಲ್ ಕೂಡ ಇದೆ. ಈ ಮೂರನೆಯದನ್ನು ಬರೆದುಕೊಟ್ಟಿರುವಾಗ ಹಳೆಯ ಆಸ್ಪಿರಿನ್ನನ್ನೂ ಹಳೆಯ ಕ್ಲೋಪಿಡೊಗ್ರೆಲ್ಲನ್ನೂ ಮುಂದುವರಿಸಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು ಇಮ್ಮಡಿಯಾಗಿ, ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಸಂಭವವಿದೆ. ಆದ್ದರಿಂದ ಪಟ್ಟಿಯ ಮೇಲಿನ ದೊಡ್ಡ ಹೆಸರನ್ನು ನಂಬಿ ಕೂರದೆ, ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನೂ ಮಿಲಿಗ್ರಾಂ ಅಂಕಿಯನ್ನೂ ಓದಿ. ಓದಲು ಬಾರದಿದ್ದರೆ ಮೆಡಿಕಲ್ ಶಾಪಿನವರಿಂದ ಓದಿಸಿ.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಎಚ್.ಎಸ್. ಎಂದರೆ ಮಲಗುವ ಹೊತ್ತಿಗೆ, ಎಸ್.ಒ.ಎಸ್. ಎಂದರೆ ಬೇಕಾದಾಗ ಮಾತ್ರ. ಎಲ್ಲ ಕೇಳಿಸಿಕೊಂಡ ಮೇಲೆ, ಕೇಳಿದ್ದನ್ನು ನೀವೇ ಒಮ್ಮೆ ತಿರುಗಿ ಹೇಳಿ ಸರಿಯೇ ಎಂದು ಕೇಳಿ. ಕಿರಿಯ ಶುಶ್ರೂಷಕಿಯರಿಗೆ ನನ್ನ ಮಾತು ಇಷ್ಟೇ: "ಗೊತ್ತಾಯ್ತಾ?" ಎಂದರೆ ನಮ್ಮ ಕಡೆಯ ಜನ ಮರ್ಯಾದೆಗಾದರೂ "ಹ್ಞೂಂ ರೀ" ಎನ್ನುತ್ತಾರೆ. "ಅಮ್ಮಾ, ರಾತ್ರಿ ಯಾವ ಗುಳಿಗೆ ಕೊಡ್ತೀರಿ, ತೆಗೆದು ತೋರಿಸ್ರಿ" ಎಂದಾಗಲೇ ನಿಜ ಸ್ಥಿತಿ ಹೊರಬೀಳುವುದು.

ಎರಡನೆಯ ಹೆಜ್ಜೆ: ಒಂದು ಹಾಳೆ, ಒಂದು ನೋಟ್‌ಬುಕ್

ಮನೆಗೆ ಬಂದ ದಿನವೇ ಹಳೆಯ ಔಷಧಿಗಳನ್ನೆಲ್ಲ ಒಂದು ಕಡೆ ಸುರಿದು, ಡಿಸ್ಚಾರ್ಜ್ ಕಾರ್ಡಿನೊಂದಿಗೆ ತಾಳೆ ನೋಡಿ. ಅದರಲ್ಲಿ ಇಲ್ಲದವನ್ನು ಬೇರೆ ಚೀಲಕ್ಕೆ ಹಾಕಿ ಕಟ್ಟಿಡಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ನಂತರ ಒಂದು ದಪ್ಪ ಹಾಳೆಯಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಮಾತ್ರೆಯ ಹೆಸರು, ಮಿಲಿಗ್ರಾಂ, ಯಾತಕ್ಕೆ, ಯಾವ ಹೊತ್ತು ಎಂದು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಓದು ಬಾರದ ಹಿರಿಯರಿದ್ದರೆ ಖಾಲಿ ಪಟ್ಟಿಯ ತುಂಡನ್ನೇ ಸಾಲಿನ ಪಕ್ಕ ಅಂಟಿಸಿ, ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯಿರಿ. ಮದ್ದು ಒಗ್ಗದ ಇತಿಹಾಸವಿದ್ದರೆ, ಉದಾಹರಣೆಗೆ ಪೆನಿಸಿಲಿನ್ ಅಲರ್ಜಿ ಇದ್ದರೆ, ಅದನ್ನು ಹಾಳೆಯ ತಲೆಯ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆಯಿರಿ. ಹಾಳೆಯ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.

ನೋಟ್‌ಬುಕ್ಕು ದಿನದ ಲೆಕ್ಕಕ್ಕೆ. ತಾರೀಖು, ತೂಕ, ನಾಡಿ, ಬಿ.ಪಿ., ಕಾಲು ಬಾವು ಇದೆಯೇ ಇಲ್ಲವೇ, ಕೊಟ್ಟ ಮಾತ್ರೆಗೊಂದು ಟಿಕ್ ಗುರುತು. ಮಾತ್ರೆ ನುಂಗಿಸಿದ ಮೇಲೆಯೇ ಗುರುತು ಹಾಕಬೇಕು. ಮೊದಲೇ ಹಾಕಿಟ್ಟ ಗುರುತು ಸುಳ್ಳು ಸಾಕ್ಷಿಯಾಗುತ್ತದೆ.

ಮೂರನೆಯ ಹೆಜ್ಜೆ: ಮಾತ್ರೆ ಕೊಡುವ ಕ್ರಮ

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಐದು ಪರೀಕ್ಷೆಗಳನ್ನು ಶುಶ್ರೂಷಾ ಶಾಲೆಯ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸುತ್ತಾರೆ. ಮನೆಯಲ್ಲಿ ರೋಗಿಯ ಗುರುತೇಕೆ ಎನಿಸಬಹುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಂದಿರು ಅಕ್ಕಪಕ್ಕದ ಮಂಚದಲ್ಲಿದ್ದರು. ನಾನು ಒಬ್ಬರ ಹೆಸರು ಹಿಡಿದು "ನೀವೇ ಅಲ್ವಾ ಅಜ್ಜಾರೆ?" ಎಂದೆ, ಕಿವಿ ಮಂದವಿದ್ದ ಅವರು ತಲೆಯಾಡಿಸಿದರು. ಮಾತ್ರೆ ಅವರ ಅಂಗೈಗೆ ಬಿದ್ದ ಮೇಲೆ ಕೈಪಟ್ಟಿಯ ನಂಬರು ಕಣ್ಣಿಗೆ ಬಿತ್ತು, ತಿರುಗಿ ತೆಗೆದುಕೊಂಡೆ. ಅಂದಿನಿಂದ "ನಿಮ್ಮ ಹೆಸರೇನ್ರೀ ಅಜ್ಜಾರೆ, ಯಾವ ಊರು?" ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರಿಗೂ ಬಿ.ಪಿ. ಮಾತ್ರೆ ಇರುವುದು ಸಾಮಾನ್ಯ. ಇಬ್ಬರ ಡಬ್ಬಿಗಳೂ ಒಂದೇ ಗೂಡಿನಲ್ಲಿದ್ದರೆ ಇದೇ ತಪ್ಪು ಅಲ್ಲೂ ಕಾದು ಕೂತಿರುತ್ತದೆ. ಬಣ್ಣ ಬೇರೆ, ಗೂಡು ಬೇರೆ ಮಾಡಿ.

ವಾರದ ಏಳು ಖಾನೆಯ ಡಬ್ಬಿ ಬಹಳ ಉಪಕಾರಿ. ಭಾನುವಾರ ಒಬ್ಬರು ತುಂಬಲಿ, ಇನ್ನೊಬ್ಬರು ಹಾಳೆ ನೋಡಿ ಪರಿಶೀಲಿಸಲಿ. ಮಾತ್ರೆಯ ಪಟ್ಟಿಯನ್ನು ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುದಿಯನ್ನು ಕೊನೆಗೆ ಉಳಿಸಿ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ, ಬಚ್ಚಲುಮನೆ ಔಷಧಿಗೆ ತಕ್ಕ ಜಾಗಗಳಲ್ಲ.

ನುಂಗಲು ಕಷ್ಟವೆಂದು ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಬಾರದು. ಹೆಸರಿನ ಮುಂದೆ ಎಕ್ಸ್.ಎಲ್., ಎಸ್.ಆರ್., ಇ.ಆರ್. ಎಂದಿರುವ ಮಾತ್ರೆಗಳು ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದವು. ಪುಡಿ ಮಾಡಿದರೆ ಇಡೀ ದಿನದ ಮದ್ದು ಒಮ್ಮೆಗೇ ರಕ್ತಕ್ಕೆ ಸೇರಿ ನಾಡಿ, ಬಿ.ಪಿ. ಕುಸಿಯಬಹುದು.

ಒಂದು ಹೊತ್ತು ಮರೆತರೆ? ಸ್ವಲ್ಪ ಹೊತ್ತಿನಲ್ಲೇ ನೆನಪಾದರೆ ಕೊಡಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟದ್ದನ್ನು ಬಿಟ್ಟೇಬಿಡಿ. ಎರಡು ಹೊತ್ತಿನದನ್ನು ಸೇರಿಸಿ ಎಂದೂ ಕೊಡಬೇಡಿ. ಮರೆತದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬಚ್ಚಿಡಬೇಡಿ.

ನಾಲ್ಕನೆಯ ಹೆಜ್ಜೆ: ಬೆಳಗಿನ ಹತ್ತು ನಿಮಿಷ

ಎದ್ದು ಮೂತ್ರ ವಿಸರ್ಜನೆ ಮಾಡಿದ ಮೇಲೆ, ಏನನ್ನೂ ತಿನ್ನುವ ಮೊದಲು, ಪ್ರತಿದಿನ ಅದೇ ತೂಕದ ಯಂತ್ರದ ಮೇಲೆ, ಸುಮಾರು ಅಷ್ಟೇ ಬಟ್ಟೆಯಲ್ಲಿ ತೂಕ ನೋಡಿ. ಹೃದಯ ದುರ್ಬಲವಾದವರ ಮೈಯಲ್ಲಿ ನೀರು ನಿಲ್ಲುವುದನ್ನು ತೂಕ ಎಷ್ಟೋ ಸಲ ಕಾಲಿನ ಬಾವಿಗಿಂತಲೂ ಮೊದಲೇ ತಿಳಿಸುತ್ತದೆ. ಒಂದೇ ದಿನದಲ್ಲಿ ಒಂದರಿಂದ ಒಂದೂವರೆ ಕೆ.ಜಿ., ಅಥವಾ ಒಂದು ವಾರದಲ್ಲಿ ಎರಡು ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ. "ಆಸ್ಪತ್ರೆಯಿಂದ ಬಂದ ಮೇಲೆ ಮೈ ತುಂಬ್ಕೊಂಡಾರ" ಎಂದು ಮನೆಯವರು ಸಂತೋಷಪಡುತ್ತಿದ್ದಾಗಲೇ ರೋಗಿಯ ಶ್ವಾಸಕೋಶದಲ್ಲಿ ನೀರು ತುಂಬುತ್ತಿದ್ದುದನ್ನು ನಾನು ಕಂಡಿದ್ದೇನೆ.

ನಾಡಿ ಎಣಿಸುವುದನ್ನು ಮನೆಯ ಇಬ್ಬರಾದರೂ ಕಲಿಯಬೇಕು. ರೋಗಿ ಐದು ನಿಮಿಷ ಸುಮ್ಮನೆ ಕೂತಿರಲಿ. ಅವರ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಎರಡು ಬೆರಳಷ್ಟು ಕೆಳಗೆ, ಮಣಿಕಟ್ಟಿನ ಮೂಳೆಗೂ ನರಕ್ಕೂ ನಡುವಿನ ತಗ್ಗಿನಲ್ಲಿ ನಿಮ್ಮ ತೋರುಬೆರಳು, ನಡುಬೆರಳುಗಳನ್ನು ಹಗುರವಾಗಿ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರಲ್ಲಿ ನಿಮ್ಮದೇ ನಾಡಿ ಬಡಿಯುತ್ತಿರುತ್ತದೆ. ಒತ್ತಿ ಹಿಡಿದರೆ ಬಡಿತ ಮಾಯವಾಗುತ್ತದೆ. ಬೆರಳು ತೇಲಿದಂತೆ ಇಟ್ಟರೆ ಸಿಗುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಹೃದ್ರೋಗಿಗೆ ಒಪ್ಪುವುದಿಲ್ಲ. ಬಡಿತ ತಪ್ಪುವವರಲ್ಲಿ ಲೆಕ್ಕವೂ ತಪ್ಪುತ್ತದೆ. ಪೂರ್ತಿ 60 ಸೆಕೆಂಡು ಎಣಿಸಿ, ಲಯ ಸಮವಾಗಿದೆಯೇ ಎಂಬುದನ್ನೂ ಬರೆಯಿರಿ.

ಬಿ.ಪಿ. ನೋಡುವಾಗ ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಪಟ್ಟಿ ಬರಿ ಮೈ ಮೇಲೆ ಇರಲಿ. ಹಿಂದಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಅಥವಾ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ವೈದ್ಯರನ್ನು ಕೇಳಿದ ಮೇಲೆಯೇ ಬಿ.ಪಿ. ಮಾತ್ರೆ ಕೊಡಿ.

ಐದನೆಯ ಹೆಜ್ಜೆ: ವಿಶೇಷ ಎಚ್ಚರ ಬೇಡುವ ಮಾತ್ರೆಗಳು

ಎಲ್ಲ ಮಾತ್ರೆಗಳೂ ಒಂದೇ ತೂಕದವಲ್ಲ. ನಾನು ಹೆಚ್ಚು ಹೆದರುವುದು ನಾಡಿಯನ್ನು ನಿಧಾನಗೊಳಿಸಿ ಹೃದಯದ ಬಡಿತಕ್ಕೆ ಬಲ ಕೊಡುವ ಡಿಗಾಕ್ಸಿನ್ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳಿಗೆ.

ಡಿಗಾಕ್ಸಿನ್ ಸಾಸಿವೆಯಷ್ಟು ಹೆಚ್ಚಾದರೂ ವಿಷವಾಗುವ ಮದ್ದು. ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ವಯಸ್ಕರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಅಂದಿನ ಮಾತ್ರೆ ತಡೆಹಿಡಿದು ವೈದ್ಯರಿಗೆ ಫೋನ್ ಮಾಡಬೇಕು. ವಾರದಲ್ಲಿ ಐದು ದಿನ ಮಾತ್ರ ಎಂದು ಬರೆದಿದ್ದರೆ, ಕೊಡಬಾರದ ಎರಡು ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಅಡ್ಡಗೆರೆ ಹಾಕಿಡಿ. ಚಳ್ಳಕೆರೆ ಕಡೆಯ ಒಬ್ಬ ಅಜ್ಜಿಗೆ ಏಪ್ರಿಲ್ ಬಿಸಿಲಿನಲ್ಲಿ ಭೇದಿ ಹತ್ತಿ, ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ, ವಾಕರಿಕೆ ನಿಲ್ಲುತ್ತಿರಲಿಲ್ಲ. ಮನೆಯವರು ಪಿತ್ತವೆಂದುಕೊಂಡು ಶುಂಠಿ ಕಷಾಯ ಕೊಡುತ್ತ, ಡಿಗಾಕ್ಸಿನ್ನನ್ನೂ ಮೂತ್ರದ ಮಾತ್ರೆಯನ್ನೂ ತಪ್ಪದೆ ಕೊಡುತ್ತಿದ್ದರು. "ದೀಪದ ಸುತ್ತ ಹಳದಿ ಹಳದಿ ಕಾಣ್ತದವ್ವ" ಎಂದು ಅಜ್ಜಿ ಸೊಸೆಗೆ ಹೇಳಿದ್ದರು. ಆ ಸೊಸೆ ನಾಡಿ ಹಿಡಿದು ನೋಡಿದಾಗ 44. ಅವರು ಅಂದೇ ಕರೆತಂದಿದ್ದರಿಂದ ಅಜ್ಜಿ ಉಳಿದರು. ಹಸಿವು ಹೋಗುವುದು, ವಾಕರಿಕೆ, ದೀಪದ ಸುತ್ತ ಹಳದಿ ಅಥವಾ ಹಸಿರು ಬಳೆ ಕಾಣುವುದು, ನಾಡಿ ನಿಧಾನವಾಗುವುದು ಈ ಮದ್ದು ಮೀರಿದ ಲಕ್ಷಣಗಳು. ಭೇದಿಯಿಂದ ಮೈ ಒಣಗಿದಾಗ ಮೂತ್ರಪಿಂಡ ಇದನ್ನು ಹೊರಹಾಕಲಾರದು, ಪೊಟ್ಯಾಸಿಯಂ ಕುಸಿದಾಗ ಹೃದಯ ಇದನ್ನು ತಾಳಲಾರದು. ಅಜ್ಜಿಗೆ ಎರಡೂ ಒಟ್ಟಿಗೆ ಆಗಿದ್ದವು.

ಕೃತಕ ಕವಾಟ ಹಾಕಿಸಿಕೊಂಡವರು, ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಕಂಪಿಸುವವರು ವಾರ್ಫರಿನ್ ಅಥವಾ ಅಸಿಟ್ರಾಮ್ ಹೆಸರಿನಲ್ಲಿ ಸಿಗುವ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಇದರ ಪ್ರಮಾಣವನ್ನು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ನೋಡಿಯೇ ಹೆಚ್ಚು ಕಡಿಮೆ ಮಾಡಬೇಕು. ಲಯ ತಪ್ಪಿದವರಲ್ಲಿ ಆ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟವಿರುವವರಲ್ಲಿ 2.5ರಿಂದ 3.5ರ ನಡುವೆ ಇರಬೇಕೆಂದು ನೋಡುತ್ತಾರೆ; ನಿಮ್ಮ ರೋಗಿಯ ಗುರಿ ಎಷ್ಟೆಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಸೊಪ್ಪು ತಿನ್ನಲೇಬಾರದೆಂಬುದು ತಪ್ಪು ತಿಳಿವಳಿಕೆ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತದೆ ನಿಜ. ಹಾಗಾಗಿ ವಾರವಿಡೀ ಒಂದೇ ಹದದಲ್ಲಿ ತಿನ್ನಲಿ. ಒಂದು ವಾರ ಸೊಪ್ಪೇ ಇಲ್ಲ, ಮರುವಾರ ಮೂರು ಹೊತ್ತೂ ಪಾಲಕ್ ಎಂಬಂತಾಗಬಾರದು. ಒಸಡಿನಲ್ಲಿ ರಕ್ತ, ಕಪ್ಪು ಡಾಂಬರಿನಂಥ ಮಲ, ಕೆಂಪು ಮೂತ್ರ, ಕಾರಣವಿಲ್ಲದ ಹೆಪ್ಪುಗಲೆಗಳು ಕಂಡರೆ ತಡ ಮಾಡಬೇಡಿ. ತಲೆಗೆ ಪೆಟ್ಟು ಬಿದ್ದರಂತೂ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಇಂಜೆಕ್ಷನ್, ಹಲ್ಲು ಕೀಳಿಸುವುದು, ಬೇರೆ ಯಾವುದೇ ಆ್ಯಂಟಿಬಯಾಟಿಕ್ ಶುರುವಾಗುವ ಮೊದಲು "ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದೀನಿ" ಎಂದು ರೋಗಿಯೇ ಹೇಳುವಂತೆ ಅಭ್ಯಾಸ ಮಾಡಿಸಿ.

ಕಟ್ಟಿಕೊಂಡ ಹೃದಯದ ರಕ್ತನಾಳ ತೆರೆದಿರಲೆಂದು ಸ್ಟೆಂಟ್ ಎಂಬ ಬಲೆಯಂಥ ಸಣ್ಣ ಕೊಳವೆ ಹಾಕಿಸಿಕೊಂಡವರ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್, ಅಥವಾ ಅದರ ಜಾಗದಲ್ಲಿ ಕೊಡುವ ಟಿಕಾಗ್ರೆಲರ್, ಒಂದು ದಿನವೂ ತಪ್ಪಬಾರದು. ಹೃದಯಾಘಾತದ ನಂತರ ಈ ಜೋಡಿಯನ್ನು ಸಾಮಾನ್ಯವಾಗಿ ಒಂದು ವರ್ಷ ಮುಂದುವರಿಸುತ್ತಾರೆ. ದುಡ್ಡು ಮುಗಿಯಿತೆಂದೋ, ಎದೆನೋವು ಹೋಯಿತೆಂದೋ, ಹಲ್ಲಿನ ವೈದ್ಯರು ನಿಲ್ಲಿಸಲು ಹೇಳಿದರೆಂದೋ ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹಠಾತ್ ಹೃದಯಾಘಾತವಾಗಬಹುದು. ನಿಲ್ಲಿಸುವ ಮಾತು ಹೃದಯ ತಜ್ಞರದ್ದೇ ಆಗಿರಬೇಕು.

ಫ್ಯೂರೋಸಮೈಡ್, ಟಾರ್ಸಿಮೈಡ್‌ನಂಥ ಮೂತ್ರದ ಮಾತ್ರೆಗಳನ್ನು ಬೆಳಿಗ್ಗೆ, ಎರಡನೆಯ ಹೊತ್ತಿದ್ದರೆ ಮಧ್ಯಾಹ್ನದೊಳಗೆ ಕೊಡಿ. ಸಂಜೆ ಕೊಟ್ಟರೆ ರಾತ್ರಿಯಿಡೀ ಎದ್ದು, ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಹಿರಿಯರಿದ್ದಾರೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಏರುವ ಭಯವಿದೆ. ನಮ್ಮ ಹೊಸದುರ್ಗ, ಚನ್ನಗಿರಿ ಸೀಮೆಯಲ್ಲಿ ರೋಗಿಯನ್ನು ನೋಡಲು ಬಂದವರೆಲ್ಲ ಪ್ರೀತಿಯಿಂದ ಎಳನೀರು ತರುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿದೆ. ಈ ಮಾತ್ರೆಗಳಲ್ಲಿರುವವರು, ಅದರಲ್ಲೂ ಮೂತ್ರಪಿಂಡ ಸೊರಗಿದವರು, ವೈದ್ಯರನ್ನು ಕೇಳದೆ ದಿನವೂ ಕುಡಿಯಬಾರದು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು, ಬಂದರೆ ಬದಲಿಸಿಕೊಡುತ್ತಾರೆ; ತುಟಿ, ನಾಲಿಗೆ ಊದಿದರೆ ಮಾತ್ರ ಅದು ತುರ್ತು.

ನಾಡಿಯ ವೇಗ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ನಾಡಿಯ ಓಟ, ಎದೆನೋವು ಮರುಕಳಿಸಿ ಬರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಕುಸಿದಾಗ ಬರುವ ಎದೆಬಡಿತ, ನಡುಕವನ್ನು ಇವು ಮುಚ್ಚಿಹಾಕುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಹಾಗಾಗಿ ತಣ್ಣನೆಯ ಬೆವರು ಕಂಡರೆ ಸಕ್ಕರೆ ಪರೀಕ್ಷಿಸಿ. ಕೊಲೆಸ್ಟರಾಲಿನ ಮಾತ್ರೆಯಿಂದ ಮೈಕೈ ಸ್ನಾಯುಗಳಲ್ಲಿ ಹೊಸದಾಗಿ ತೀವ್ರ ನೋವು, ಮೂತ್ರ ಕಡುಬಣ್ಣ ಕಂಡರೆ ತಿಳಿಸಿ.

ರುಮಾಟಿಕ್ ಜ್ವರದಿಂದ ಕವಾಟ ಕೆಟ್ಟ ಮಕ್ಕಳು, ಯುವಕರಿಗೆ 21 ದಿನಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ಜಾತ್ರೆ, ಪರೀಕ್ಷೆ, ಮದುವೆ ಎಂದು ಮುಂದೂಡಬೇಡಿ. ತಪ್ಪಿದ ಪ್ರತಿ ಸುತ್ತೂ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗಲು ಅವಕಾಶ ಕೊಡುತ್ತದೆ.

ಆರನೆಯ ಹೆಜ್ಜೆ: ಚೀಟಿಯಲ್ಲಿಲ್ಲದ ಮದ್ದುಗಳು

ಮಂಡಿನೋವು, ಸೊಂಟನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ದುರ್ಬಲ ಹೃದಯವನ್ನು ಮತ್ತೆ ಆಸ್ಪತ್ರೆಗೆ ತರುತ್ತವೆ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುವುದೇ ಎಂದು ಮೊದಲು ವೈದ್ಯರನ್ನು ಕೇಳಿ. ಕಷಾಯದ ವಿಷಯದಲ್ಲಿ ನಾನು ಯಾರನ್ನೂ ಗದರಿಸುವುದಿಲ್ಲ, ಗದರಿಸಿದರೆ ಮುಚ್ಚಿಡುತ್ತಾರೆ. ಆದರೆ ಹೊಳೆಮತ್ತಿ ತೊಗಟೆಯೋ, ಜ್ಯೇಷ್ಠಮಧುವೋ, ಏನು ಕುಡಿಯುತ್ತಿದ್ದಾರೆಂದು ವೈದ್ಯರಿಗೆ ಹೇಳಲೇಬೇಕು. ಜ್ಯೇಷ್ಠಮಧುವನ್ನು ಬಹಳ ದಿನ ಸೇವಿಸಿದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ; ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದರ ಅರ್ಥ ಏನೆಂದು ಮೇಲೆ ನೋಡಿದ್ದೇವೆ.

ಏಳನೆಯ ಹೆಜ್ಜೆ: ಊಟ, ಉಪ್ಪು, ನೀರು

ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ತುಸು ಕಡಿಮೆ ಉಪ್ಪು ಎಲ್ಲ ವಯಸ್ಕರಿಗೂ ಹೇಳುವ ಮಿತಿ. ಸಾರಿಗೆ ಉಪ್ಪು ಕಡಿಮೆ ಹಾಕಿ, ಸಂಜೆ ಮಂಡಕ್ಕಿ ಮಿರ್ಚಿ ತಿನ್ನಿಸಿದರೆ ಪ್ರಯೋಜನವಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಖಾರ, ಬೇಕರಿ ತಿನಿಸು ಇವುಗಳಲ್ಲಿ ಅಡಗಿದ ಉಪ್ಪೇ ಹೆಚ್ಚು. ದಾವಣಗೆರೆಯವರಿಗೆ ಬೆಣ್ಣೆ ದೋಸೆ ಬಿಡಿ ಎನ್ನುವುದು ಕಷ್ಟದ ಮಾತು. ಮೊದಲ ತಿಂಗಳುಗಳಲ್ಲಿ ಬಿಡಿ ಎಂದೇ ನಾನು ಹೇಳುತ್ತೇನೆ. ಜೋಳದ ರೊಟ್ಟಿ, ರಾಗಿ ಮುದ್ದೆ, ಬೇಳೆ, ತರಕಾರಿ ಪಲ್ಯ ಚೆನ್ನಾಗಿ ಒಗ್ಗುತ್ತವೆ. ಹಿಟ್ಟಿಗೂ ಎಸರಿಗೂ ಉಪ್ಪು ಬೇಡ. ರುಚಿಗೆ ನಿಂಬೆಹುಳಿ, ಜೀರಿಗೆ, ಬೆಳ್ಳುಳ್ಳಿ ಬಳಸಿ.

ನೀರಿಗೆ ಮಿತಿ ಹಾಕಿದ್ದರೆ ಬೆಳಿಗ್ಗೆಯೇ ಅಷ್ಟು ನೀರನ್ನು ಒಂದು ಬಾಟಲಿಗೆ ತುಂಬಿ, ಕಾಫಿ, ಮಜ್ಜಿಗೆ, ಸಾರು ಕುಡಿದಷ್ಟನ್ನು ಅದರಿಂದ ಚೆಲ್ಲುತ್ತ ಬನ್ನಿ. ಲೆಕ್ಕ ಕಣ್ಣೆದುರೇ ಇರುತ್ತದೆ. ಚಿತ್ರದುರ್ಗದ ಕಡುಬೇಸಿಗೆಯಲ್ಲಿ ಈ ಮಿತಿಯನ್ನು ಬದಲಿಸಬೇಕೇ ಎಂದು ಮಾರ್ಚ್‌ನಲ್ಲೇ ವೈದ್ಯರನ್ನು ಕೇಳಿ. ವಾಂತಿ ಭೇದಿಯಾದ ದಿನ ಮೂತ್ರದ ಮಾತ್ರೆ, ಬಿ.ಪಿ. ಮಾತ್ರೆ ಕೊಡಬೇಕೇ ಬೇಡವೇ ಎಂದು ಫೋನ್ ಮಾಡಿ ಕೇಳಿಯೇ ಮುಂದುವರಿಯಿರಿ.

ಎಂಟನೆಯ ಹೆಜ್ಜೆ: ಮೈಯ ಆರೈಕೆ

ದಮ್ಮು ಬಂದಾಗ ಮಲಗಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಕಾಲು ಮಂಚದಿಂದ ಕೆಳಗೆ ಇಳಿಬಿಡಿ. ರಾತ್ರಿ ಮೊದಲು ಒಂದು ದಿಂಬು ಸಾಕಾಗುತ್ತಿದ್ದವರಿಗೆ ಈಗ ಮೂರು ಬೇಕಾದರೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ವೈದ್ಯರಿಗೆ ಆ ಒಂದು ಸಾಲು ಬಹಳಷ್ಟನ್ನು ಹೇಳುತ್ತದೆ. ಮಲಗಿದಲ್ಲಿಂದ ಒಮ್ಮೆಲೇ ಎಬ್ಬಿಸದೆ, ಎರಡು ನಿಮಿಷ ಕೂರಿಸಿ ನಂತರ ನಿಲ್ಲಿಸಿ. ಮಲಬದ್ಧತೆಗೆ ಅವಕಾಶ ಕೊಡಬೇಡಿ, ತಿಣುಕುವುದು ಹೃದಯಕ್ಕೆ ಭಾರ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ನಡಿಗೆಯನ್ನು ವೈದ್ಯರು ಹೇಳಿದಷ್ಟರಿಂದ ಆರಂಭಿಸಿ. ಮಾತಾಡುತ್ತ ನಡೆಯಲು ಆಗುತ್ತಿದ್ದರೆ ವೇಗ ಸರಿಯಿದೆ.

ಒಂಬತ್ತನೆಯ ಹೆಜ್ಜೆ: ಎದೆನೋವು ಬಂದರೆ

ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ, ಎಡತೋಳು, ದವಡೆ, ಬೆನ್ನಿಗೆ ಹರಡಿ ಬೆವರು ಬಂದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಬೇಡಿ. ಹೆಂಗಸರು, ಹಿರಿಯರು, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ದಮ್ಮು, ಸುಸ್ತು, ವಾಕರಿಕೆ ಬರಬಹುದು.

ರೋಗಿಯನ್ನು ಕೂರಿಸಿ. ವೈದ್ಯರು ನಾಲಿಗೆ ಕೆಳಗಿನ ಮಾತ್ರೆ ಬರೆದಿದ್ದರೆ ಒಂದನ್ನು ನಾಲಿಗೆಯ ಕೆಳಗಿಡಿ. ನುಂಗಬಾರದು, ನೀರು ಬೇಡ. ನಿಂತಾಗ ಕೊಟ್ಟರೆ ಬಿ.ಪಿ. ಇಳಿದು ಬೀಳುತ್ತಾರೆ. ಮೇಲಿನ ಬಿ.ಪಿ. 90ಕ್ಕಿಂತ ಕಡಿಮೆ ಇದ್ದರೆ ಕೊಡಬೇಡಿ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ಕಳೆದಿರದಿದ್ದರೂ ಕೊಡಬಾರದು, ಪ್ರಾಣಕ್ಕೇ ಸಂಚಕಾರ. ಸಂಕೋಚದಿಂದ ಯಾರೂ ಹೇಳದ ಈ ಮಾತನ್ನು ಬಿಡುಗಡೆಯ ದಿನವೇ ರೋಗಿಯೊಬ್ಬರನ್ನೇ ಕೂರಿಸಿ ತಿಳಿಸುವುದು ಶುಶ್ರೂಷಕಿಯ ಕರ್ತವ್ಯ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಐದೈದು ನಿಮಿಷಕ್ಕೊಂದರಂತೆ ಒಟ್ಟು ಮೂರು ಮಾತ್ರೆ ಮೀರಬಾರದು. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ 300 ಮಿ.ಗ್ರಾಂ ಆಸ್ಪಿರಿನ್ ಅಗಿಯಲು ವೈದ್ಯರು ಫೋನಿನಲ್ಲೇ ಹೇಳಬಹುದು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಸಾಹಸ ಬೇಡ.

ಮೊಳಕಾಲ್ಮುರು, ಜಗಳೂರಿನ ಹಳ್ಳಿಗಳಿಂದ ಜಿಲ್ಲಾ ಕೇಂದ್ರ ದೂರ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಎಲ್ಲಿ, ಹೇಗೆ ಸಿಗುತ್ತದೆಂದು ಕಾಯಿಲೆ ಇಲ್ಲದ ದಿನವೇ ಹೋಗಿ ಕೇಳಿಕೊಂಡು ಬನ್ನಿ. ರೋಗಿ ಪ್ರಜ್ಞೆ ತಪ್ಪಿ ಉಸಿರಾಟ ನಿಂತರೆ, ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಕೈ ಸೇರಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ, ಸಹಾಯ ಬರುವವರೆಗೆ ನಿಲ್ಲಿಸಬೇಡಿ.

ಹತ್ತನೆಯ ಹೆಜ್ಜೆ: ಮರುಭೇಟಿ

ಹೇಳಿದ ದಿನಕ್ಕೆ ಹೋಗಿ, ಚೆನ್ನಾಗಿದ್ದರೂ ಹೋಗಿ. ಮಾತ್ರೆ ಮುಗಿಯುವ ಐದು ದಿನ ಮೊದಲೇ ತಂದಿಡಿ. ಹಬ್ಬದ ಸಾಲು ರಜೆಯಲ್ಲಿ ಅಂಗಡಿ ಮುಚ್ಚಿತ್ತೆಂದು ಸ್ಟೆಂಟಿನ ಮಾತ್ರೆ ತಪ್ಪಬಾರದು. ಹೋಗುವಾಗ ಗೋಡೆಯ ಹಾಳೆ, ನೋಟ್‌ಬುಕ್, ಡಿಸ್ಚಾರ್ಜ್ ಕಾರ್ಡ್, ಹಿಂದಿನ ರಕ್ತಪರೀಕ್ಷೆಯ ವರದಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳು ಜೊತೆಗಿರಲಿ. ವೈದ್ಯರು ಪ್ರಮಾಣ ಬದಲಿಸಿದರೆ ಅವರ ಕೋಣೆಯಿಂದ ಹೊರಬಂದ ಬೆಂಚಿನ ಮೇಲೆಯೇ ಕೂತು ಹಾಳೆಯಲ್ಲಿ ಹಳೆಯ ಸಾಲನ್ನು ಹೊಡೆದು ಹೊಸದನ್ನು ಬರೆಯಿರಿ, ತಾರೀಖು ಹಾಕಿ, ಅಲ್ಲಿರುವ ಸಿಸ್ಟರಿಗೆ ಒಮ್ಮೆ ಓದಿ ಹೇಳಿ. ಮನೆಗೆ ಬಂದ ಕೂಡಲೇ ಡಬ್ಬಿಯ ಏಳೂ ಖಾನೆಗಳನ್ನು ಖಾಲಿ ಮಾಡಿ, ಹೊಸ ಹಾಳೆಯಂತೆ ಮತ್ತೆ ತುಂಬಿ.